ನಾಳಿನ ಪಾಠ

ವಿಜ್ಞಾನದ ಶಿಕ್ಷಕಿ ಭಾಗೀರಥಿ ಪ್ರಶ್ನೆ ಕೇಳಿ ಮುಗಿಸುವ ಮೊದಲೇ ಮೆಹೆರಾಜ ಎದ್ದು ನಿಂತು ಉತ್ತರ ಒಪ್ಪಿಸಿಬಿಟ್ಟಳು. ತಪಾಸಣೆ ಇದೆಯೆಂದು ವಾರವಿಡೀ ಹತ್ತನೆಯ ತರಗತಿಯಲ್ಲಿ ಕನ್ನಡಿಯ ಪಾಠ ಉರು ಹೊಡೆಸುವುದು ಬಿಟ್ಟು ಬೇರೆ ಸುದ್ದಿಯೇ ಇರಲಿಲ್ಲ.

ರಾಮದುರ್ಗದಿಂದ ತಪಾಸಣೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಸಾಹೇಬರು ಪೆನ್ನು ಮುಚ್ಚಿದರು. "ಇದು ಎಲ್ಲಾರಿಗೂ ಬರತೈತ್ರಿ ಟೀಚರ. ನಾಳಿ ಪಾಠ ಇವತ್ತ ಮಾಡ್ರಿ."

ಭಾಗೀರಥಿ ಸುತ್ತ ನೋಡಿದಳು. ಸಾಹೇಬರಿಗೆಂದು ಮೇಜಿನ ಮೇಲಿಟ್ಟಿದ್ದ ಗಾಜಿನ ಲೋಟದ ನೀರಿಗೇ ಪೆನ್ಸಿಲ್ ಇಳಿಬಿಟ್ಟು ಎತ್ತಿ ಹಿಡಿದಳು. "ಇದು ಮುರದಂಗ ಯಾಕ ಕಾಣತೈತಿ?"

ಎಲ್ಲರೂ ಕತ್ತು ಚಾಚಿದರು. ಮೆಹೆರಾಜ ಬೆಂಚು ಬಿಟ್ಟು ಬಂದು ಲೋಟವನ್ನು ಆ ಕಡೆ ಈ ಕಡೆಯಿಂದ ಇಣುಕಿ ನೋಡಿದಳು.

"ಗೊತ್ತಿಲ್ರಿ ಟೀಚರ. ಯಾಕ್ರೀ?"

ವಾರದಿಂದ ಬಿಗಿಹಿಡಿದಿದ್ದ ಉಸಿರನ್ನು ಭಾಗೀರಥಿ ಬಿಟ್ಟಳು. ಹೇಳಿಕೊಡುವುದಕ್ಕೆ ಕೊನೆಗೂ ಏನೋ ಇತ್ತು.