ವಾರದ ತಟ್ಟೆ

ಬ್ಲಾಗ್ ಬರಹಗಳನ್ನು ಜನ ನಾಲಿಗೆಯ ಮೇಲಿಟ್ಟುಕೊಂಡು ಓದುವ ಕಾಲ ಅದು. ಪ್ರತಿ ಶನಿವಾರ ಬರಹಗಾರರು ತಮ್ಮ ಬರಹವನ್ನು ರುಚಿಯಾಗಿಸಿ ಕಳಿಸಿದ ಬಿಲ್ಲೆಗಳ ತುದಿಯನ್ನಷ್ಟೇ ಮುರಿದು ರುಚಿ ನೋಡಿ, ಒಂದರ ರುಚಿ ಇನ್ನೊಂದಕ್ಕೆ ಅಂಟದಂತೆ ನಡುನಡುವೆ ಬಿಸಿನೀರಲ್ಲಿ ಬಾಯಿ ಮುಕ್ಕಳಿಸಿ, ಒಳ್ಳೆಯವನ್ನು ಅಚ್ಚಿಗೆ ಕಳಿಸುವುದು ಇಂದುಮತಿಯ ಕೆಲಸ. ಭಾನುವಾರ ಬೆಳಿಗ್ಗೆ ಅವಳ ‘ವಾರದ ತಟ್ಟೆ’ ಊರಿನ ಮನೆಮನೆಗೂ ಹೋಗುತ್ತಿತ್ತು.

ರಾಜಕೀಯದವು ಎಂದಿನಂತೆ ಖಾರ. ನಾಟಕ, ಸಂಗೀತದವು ತುಸು ಹಳಸಲು. ಆಮೇಲೆ ಪದ್ಮಿನಿಯದು ಬಂತು: ಸಿಟಿ ಬಸ್ಸಿನಲ್ಲಿ ಯಾರದೋ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ಕಥೆ. ಎಳೆ ಸೌತೆಕಾಯಿಯ ತಂಪು, ಮಗುವಿನ ನೆತ್ತಿಯ ಎಣ್ಣೆ, ಬೆವರು.

ಇಂದುಮತಿಗೆ ಹೊಟ್ಟೆ ಉರಿಯಿತು.

“ಮತ್ತೆ ಇವಳೇನಾ? ನಾಲ್ಕು ಸಾಲು ಗೀಚಿದ್ರೂ ಊರೆಲ್ಲ ಬಾಯಿ ಚಪ್ಪರಿಸ್ಬೇಕು!” ಎನ್ನುತ್ತಾ ಇಡೀ ಬಿಲ್ಲೆಯನ್ನೇ ಕಟಕಟನೆ ಅಗಿದು ನುಂಗಿದಳು. ಅದೇ ಸಿಟ್ಟಿನಲ್ಲಿ, ಚುನಾವಣೆಯ ಬಗ್ಗೆ ತಾನೇ ಬರೆದದ್ದನ್ನು ಬಾಯಿಗಿಟ್ಟಳು. ಕಣ್ಣು ತುಂಬಿ ಬಂತು. ಇಷ್ಟು ಚೆನ್ನಾಗಿ ತಾನು ಯಾವತ್ತೂ ಬರೆದಿರಲಿಲ್ಲ. ತಟ್ಟೆಯಲ್ಲಿ ಅದಕ್ಕೇ ಮೊದಲ ಜಾಗ ಕೊಟ್ಟಳು.

ಮರುದಿನ ಗಂಡ ಚಿದಂಬರ ಮುಖ ಹಿಂಡಿದ. “ಈ ಮೊದಲನೇದು ಯಾರದೇ? ಬರೀ ಸಪ್ಪೆ.”

“ನಿಮ್ಮ ನಾಲಿಗೆ ಕೆಟ್ಟಿದೆ ರೀ. ಕೊಡಿ ಇಲ್ಲಿ.”

ಒದ್ದೆ ರಟ್ಟು ಅಗಿದ ಹಾಗಿತ್ತು. ಇಂದುಮತಿ ಅಡುಗೆಕಟ್ಟೆಯತ್ತ ನೋಡಿದಳು. ನಿನ್ನೆ ಕೊನೆಯ ಸಲ ಬಾಯಿ ಮುಕ್ಕಳಿಸಲೆಂದು ಬಗ್ಗಿಸಿಟ್ಟ ನೀರು ಲೋಟದಲ್ಲಿ ಹಾಗೇ ಆರಿ ಕೂತಿತ್ತು.

“ಪದ್ಮಿನಿಯವರು ಈ ವಾರ ಬರೀಲಿಲ್ವಾ?” ಚಿದಂಬರ ತಟ್ಟೆಯಲ್ಲಿ ಹುಡುಕುತ್ತಿದ್ದ.

“ಬರೆದಿದ್ಲು,” ಎಂದಳು ಇಂದುಮತಿ. “ನಾನೊಬ್ಬಳೇ ತಿಂದುಬಿಟ್ಟೆ.”