ಎರಡು ಬೆರಳಿನ ಸಲಾಮು

“ಇನ್ನೆರಡು ಗಂಟೆ ಕಣೇ, ಅಷ್ಟೇ,” ಜೀಪಿನ ಅಡಿಯಿಂದ ಟ್ರಾಯ್‌ನ ದನಿ ಬಂತು. ಶನಿವಾರವೂ ಇದೇ ಎರಡು ಗಂಟೆ ಹೇಳಿದ್ದ. ಇವತ್ತು ಗುರುವಾರ.

ಮನೆಯೆದುರಿನ ಇಳಿಜಾರಿನಲ್ಲಿ, ಗ್ಯಾರೇಜಿನ ಬಾಯಿಗೆ ಮೂತಿ ಕೊಟ್ಟು ದಾರಿ ಕಟ್ಟಿಕೊಂಡು, ಜೀಪು ನಾಲ್ಕು ಸ್ಟ್ಯಾಂಡುಗಳ ಮೇಲೆ ಕೂತಿತ್ತು. ಒಳಗೆ ಅವನ ಹೆಂಡತಿ ಕಾರ್ಲಾಳ ಪುಟ್ಟ ಕಾರು ಸಿಕ್ಕಿಹಾಕಿಕೊಂಡಿತ್ತು. ಇಷ್ಟು ದಿನ ಅವಳು ಯಾರ್ಯಾರದೋ ಗಾಡಿ ಹತ್ತಿ ಅಂಗಡಿಯ ಕ್ಯಾಶ್ ಕೌಂಟರಿಗೆ ಹೋಗಿ ಬಂದಳು. ಇವತ್ತು ಹಾಗಲ್ಲ. ಒಂಬತ್ತಕ್ಕೆ ಗುಡ್ಡದಾಚೆಯ ಊರಿನಲ್ಲಿ ದೊಡ್ಡ ಲಾರಿ ಲೈಸೆನ್ಸಿನ ಪರೀಕ್ಷೆ. ಆ ಕಡೆ ಹೋಗುವವರು ಯಾರೂ ಇಲ್ಲ. ತಪ್ಪಿದರೆ ಮುಂದಿನ ಸರದಿ ತಿಂಗಳ ಮೇಲೆ. ಕಲ್ಲು ಕ್ವಾರಿಯವರು ಅಲ್ಲಿಯವರೆಗೆ ಡ್ರೈವರ್ ಸೀಟು ಖಾಲಿ ಇಟ್ಟುಕೊಂಡು ಇವಳ ದಾರಿ ಕಾಯುವವರಲ್ಲ.

ಟ್ರಾಯ್ ಹಾಸಿಗೆ ಮಾರುವ ಅಂಗಡಿಯಲ್ಲಿ ಸೇಲ್ಸ್‌ಮನ್. ಕೆಸರು ಕಂಡರೆ ಪ್ಯಾಂಟು ಎತ್ತಿ ಹಿಡಿದು ದಾಟುವ ಪೈಕಿ. ಆದರೆ ಬೆಟ್ಟ ಹತ್ತಬೇಕು ಅಂತ ಜೀಪನ್ನು ನಾಲ್ಕಿಂಚು ಎತ್ತರಿಸಿದ್ದ. ಮೂರು ವರ್ಷದಲ್ಲಿ ಅದು ಹತ್ತಿದ ಬೆಟ್ಟ ಅಂದರೆ ಸೂಪರ್‌ಮಾರ್ಕೆಟ್ಟಿನ ಮುಂದಿನ ರೋಡ್ ಹಂಪು. ಎತ್ತರಿಸಿದ ತಪ್ಪಿಗೆ, ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟು ಓರೆಯಾಗಿ, ಗಾಡಿಯೆಲ್ಲ ಚಳಿಜ್ವರ ಬಂದವರ ಹಾಗೆ ನಡುಗತೊಡಗಿತು. ಅದಕ್ಕೆ ಮದ್ದೆಂದರೆ ಮುಂದಿನ ಹಿಂದಿನ ಚಕ್ರಗಳಿಗೆ ಎಂಜಿನ್ನಿನ ಬಲ ಹಂಚುವ ಪೆಟ್ಟಿಗೆ, ಟ್ರಾನ್ಸ್‌ಫರ್ ಕೇಸ್, ಬಿಚ್ಚಿ, ಅದರ ಬಾಲ ಮೋಟು ಮಾಡಿ, ಹೊಸ ಉದ್ದನೆಯ ಶಾಫ್ಟು ಕೂರಿಸುವುದು. ವಿಡಿಯೊದಲ್ಲಿ ಹದಿನೆಂಟು ನಿಮಿಷದ ಕೆಲಸ. ಮೋಟೇನೋ ಮಾಡಿದ. ಹೊಸ ಶಾಫ್ಟಿಗೆ ಅಳತೆ ತೆಗೆದದ್ದು ಮಾತ್ರ ಚಕ್ರಗಳು ಗಾಳಿಯಲ್ಲಿ ನೇತಾಡುತ್ತಿದ್ದಾಗ. ಬಂದ ಶಾಫ್ಟು ಕೂರಿಸಿ, ಚಕ್ರಗಳು ನೆಲದ ಮೇಲಿರುವಾಗಿನ ಮಟ್ಟಕ್ಕೆ ಜಾಕಿಯಿಂದ ಎತ್ತಿ ನೋಡಿದರೆ ಉದ್ದ ಜಾಸ್ತಿ. ಮಾರಿದವನಿಗೆ ಬೈದು, ಬಿಚ್ಚಿ ಎಸೆದ.

“ಆದ್ರೂ ಸಕತ್ತಾಗಿ ಬಂದಿದೆ ಗುರೂ,” ಅಂದ ಬ್ರೆಟ್. ಜೀಪ್ ಕ್ಲಬ್ಬಿನ ಗೆಳೆಯ. ಬೆಳ್‌ಬೆಳಗ್ಗೆ ಮಡಚುವ ಕುರ್ಚಿ ಹಾಕಿಕೊಂಡು ಬಿಯರ್ ಕುಡಿಯುತ್ತಿದ್ದ. ನಡೆದೇ ಬಂದಿದ್ದ, ಅವನ ಜೀಪೂ ಅವನ ಅಂಗಳದಲ್ಲಿ ಬಿಚ್ಚಿ ಬಿದ್ದಿತ್ತು. ಇವರ ಕ್ಲಬ್ಬಿಗೊಂದು ಮರ್ಯಾದೆ ಉಂಟು: ಎದುರಿಗೆ ಜೀಪು ಬಂದರೆ ಸ್ಟೀರಿಂಗಿನಿಂದ ಎರಡು ಬೆರಳೆತ್ತಿ ಸಲಾಮು ಹಾಕಬೇಕು. ಒಮ್ಮೆ ಕಾರ್ಲಾ ತನ್ನ ಕಾರಿನಿಂದ ಟ್ರಾಯ್‌ಗೇ ಹಾಗೆ ಬೆರಳೆತ್ತಿದ್ದಳು. ಮನೆಗೆ ಬಂದು ಅವನು, “ಅದೆಲ್ಲ ನಮ್ಮವರಿಗೆ ಕಣೇ, ಡಬ್ಬಿ ಕಾರಿನೋರಿಗಲ್ಲ,” ಅಂದು ನಕ್ಕಿದ್ದ.

“ಇದನ್ನ ಕೆಳಗಿಳಿಸಿ ಪಕ್ಕಕ್ಕೆ ಹಾಕು. ನಂಗೆ ಹೊತ್ತಾಯ್ತು,” ಅಂದಳು ಕಾರ್ಲಾ.

“ಅರ್ಧಕ್ಕೆ ಬಿಟ್ಟು ಇಳಿಸೋಕೆ ಇದೇನು ಒಲೆ ಮೇಲಿನ ಪಾತ್ರೇನಾ?”

“ಟ್ರಾಯ್.”

ಅಷ್ಟೇ ಅಂದದ್ದು. ಆ ದನಿ ಕೇಳಿ ಬ್ರೆಟ್ ಕೂಡ ಬಿಯರ್ ಡಬ್ಬಿ ಕೆಳಗಿಟ್ಟ.

“ಆಯ್ತು ಮಾರಾಯ್ತಿ, ಆಯ್ತು!” ಟ್ರಾಯ್ ತೆವಳಿಕೊಂಡು ಹೊರಬಂದ. “ನೋಡ್ತಿರು. ಮುಂದಿನ ಎರಡು ಚಕ್ರದಲ್ಲೇ ಓಡಿಸಿ ಪಕ್ಕಕ್ಕೆ ಹಾಕ್ತೀನಿ. ಫೋರ್ ವೀಲ್ ಅಂದ್ರೆ ಏನಂದ್ಕೊಂಡಿದೀಯ?”

ಕಾರ್ಲಾ ವಾರವಿಡೀ ಪರೀಕ್ಷೆಯ ಪಾಠ ಬಾಯಿಪಾಠ ಮಾಡಿದ್ದಳು. ಅದೇ ಗುಂಗಿನಲ್ಲಿ ಕೇಳಿದಳು. “ಚಕ್ರದ ಹಿಂದೆ ಕಲ್ಲು ಕೊಟ್ಟಿದೀಯಾ?”

“ಕಲ್ಲಂತೆ! ಕೇಳಿದ್ಯೇನೋ ಬ್ರೆಟ್?”

“ಹ್ಯಾಂಡ್‌ಬ್ರೇಕು?”

“ಎತ್ತರ ಮಾಡಿದಾಗ ಅದರ ಕೇಬಲ್ ಸಾಲಲಿಲ್ಲ, ಬಿಚ್ಚಿಟ್ಟಿದೀನಿ. ಹ್ಯಾಂಡ್‌ಬ್ರೇಕು ಪುಕ್ಕಲರಿಗೆ.”

“ಮತ್ತೆ ಹೆಂಗೆ ನಿಲ್ಲುತ್ತೆ?”

“ಗೇರು ಪಾರ್ಕಲ್ಲಿದೆ ಕಣೇ, ಪಾರ್ಕಲ್ಲಿ! ದೇವರೇ ಬಂದು ತಳ್ಳಿದ್ರೂ ಅಲ್ಲಾಡಲ್ಲ. ನಿನ್ನ ಲಾರಿ ಪಾಠ ಲಾರಿಗೆ ಇಟ್ಕೋ.”

ಅವಳು ಗ್ಯಾರೇಜಿನೊಳಕ್ಕೆ ನಡೆದಳು. ಹೋಗಿ ತನ್ನ ಕಾರಿನಲ್ಲಿ ಕೂತಳು.

ಪಾರ್ಕ್ ಹಿಡಿಯುವುದು ಗೇರ್‌ಬಾಕ್ಸನ್ನು. ಫೋರ್ ವೀಲಿಗೆ ಹಾಕುವವರೆಗೆ ಗೇರ್‌ಬಾಕ್ಸು ಹಿಡಿಯುವುದು ಹಿಂದಿನ ಶಾಫ್ಟನ್ನಷ್ಟೇ. ಶಾಫ್ಟು ಹಿಡಿಯುವುದು ಚಕ್ರಗಳನ್ನು. ಆ ಶಾಫ್ಟು ಬ್ರೆಟ್‌ನ ಕುರ್ಚಿಯ ಪಕ್ಕ ಹುಲ್ಲಿನ ಮೇಲೆ ಮಲಗಿತ್ತು. ಅದಕ್ಕೆ ಅವನ ಬಿಯರ್ ಡಬ್ಬಿ ಒರಗಿತ್ತು.

ಹಿಂದಿನ ಚಕ್ರಗಳು ನೆಲ ಮುಟ್ಟಿದವು. ಆಮೇಲೆ ಮುಂದಿನವು. ಟ್ರಾಯ್ ಜಾಕಿ ಎಳೆದುಕೊಂಡು, ಎದೆ ಸೆಟೆಸಿ, ಹೆಂಡತಿಯ ಕಡೆ ತಿರುಗಿದ. ಅವನ ಮರ್ಯಾದೆಗೋ ಎಂಬಂತೆ ಜೀಪು ಒಂದು ಉಸಿರಿನ ಹೊತ್ತು ನಿಂತಿತು. ಆಮೇಲೆ ಸದ್ದಿಲ್ಲದೆ ಹಿಂದಕ್ಕೆ ಹೊರಟಿತು.

“ಏಯ್! ಏಯ್! ನಿಲ್ಲು!”

ಹಗ್ಗ ಹರಿದುಕೊಂಡ ಎತ್ತಿಗೆ ಹೇಳಿದ ಹಾಗೆ ಹೇಳಿದ. ಎತ್ತಾದರೆ ಕಿವಿಯಾದರೂ ಆಡಿಸುತ್ತಿತ್ತು. ಜೀಪು ಖಾಲಿ ರಸ್ತೆ ದಾಟಿತು, ಎದುರುಮನೆಯವರ ಅಂಚೆಪೆಟ್ಟಿಗೆಯನ್ನು ಬುಡಸಮೇತ ಕಿತ್ತಿತು, ಆಚೆಯ ಹಳ್ಳಕ್ಕೆ ಹಿಂಬದಿ ಮುಂದಾಗಿ ಇಳಿದು, ಕೆಸರಿನಲ್ಲಿ ಅರ್ಧ ಹೂತು, ಆಕಾಶ ನೋಡುತ್ತ ನಿಂತಿತು. ಕೊಂಡ ದಿನದಿಂದ ಮೊದಲ ಸಲ ಡಾಂಬರು ಬಿಟ್ಟು ಇಳಿದಿತ್ತು.

ಬ್ರೆಟ್ ಫೋನು ತೆಗೆದ. “ಗುರೂ, ಪೋಸು ಮಾತ್ರ ಸಕತ್ತಾಗಿದೆ. ಗ್ರೂಪಿಗೆ ಹಾಕ್ಲಾ?”

ಗ್ಯಾರೇಜಿನ ಬಾಯಿ ತೆರೆದಿತ್ತು. ಕಾರ್ಲಾ ಕನ್ನಡಿ ನೋಡಿದಳು, ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಪರೀಕ್ಷೆಯವರು ಪಕ್ಕದಲ್ಲೇ ಕೂತಿದ್ದಾರೇನೋ ಅನ್ನುವಷ್ಟು ನಿಧಾನವಾಗಿ ಹಿಂದಕ್ಕೆ ಬಂದು ರಸ್ತೆಗಿಳಿದಳು. ರಸ್ತೆಯಂಚಿನಲ್ಲಿ ಟ್ರಾಯ್ ಬಾಯಿ ತೆರೆದು ನಿಂತಿದ್ದ. ಅವನ ಮುಂದೆ ಹಾದುಹೋಗುವಾಗ ಅವಳು ಸ್ಟೀರಿಂಗ್ ಬಿಡದೆ ಎರಡು ಬೆರಳು ಎತ್ತಿದಳು.

ಅಭ್ಯಾಸ ಬಿಡಬೇಕಲ್ಲ. ಗ್ರೀಸು ಮೆತ್ತಿದ ಅವನ ಕೈ ತಾನಾಗಿಯೇ ಮೇಲೆದ್ದು, ಎರಡು ಬೆರಳು ಬಿಡಿಸಿ, ಆ ಡಬ್ಬಿ ಕಾರಿಗೆ ಸಲಾಮು ಹಾಕಿತು.