ಮೇಜುಬಟ್ಟೆಯ ಕೆಳಗಿನ ಕೈಗಳು

“ಶ್ರೀ ಎವರಿಸ್ಟೊ ಕಿಂತಾನಾ, ಇಪ್ಪತ್ತು ವರ್ಷ ನಮ್ಮೂರ ಕೋಳಿ ಕಾರ್ಖಾನೆಯಲ್ಲಿ ಮ್ಯಾನೇಜರ್ ಆಗಿದ್ದವರು,” ಎಂದು ನಿರೂಪಕಿ ಓದಿದಾಗ ಆತನ ಪಕ್ಕದ ಕುರ್ಚಿಯಲ್ಲಿದ್ದ ಎಲೋಯ್ಸಾ ತಟ್ಟನೆ ಅತ್ತ ತಿರುಗಿದಳು. ಅಮೆರಿಕದ ಲ್ಯಾಟಿನೊ ಸಮುದಾಯದ ಮುಖಂಡರಿಗೆ ನಡೆಯುತ್ತಿದ್ದ ಈ ಸನ್ಮಾನಕ್ಕೆಂದು ಅವಳ ಮಗಳು ಬರೆದುಕೊಟ್ಟ ಪರಿಚಯದಲ್ಲಿ ಎಲೋಯ್ಸಾಳೂ ಅದೇ ಕಾರ್ಖಾನೆಯ ಮೇಲ್ವಿಚಾರಕಿ. ನಿಜಕ್ಕೂ ಅವಳು ಅಲ್ಲಿ ಕೋಳಿಯ ರೆಕ್ಕೆ ಕತ್ತರಿಸುತ್ತಿದ್ದಳು. ಮ್ಯಾನೇಜರ್ ಆಗಿದ್ದ ಈ ಮನುಷ್ಯನಿಗೆ ಅದು ಗೊತ್ತಿಲ್ಲದೆ ಇರುತ್ತದೆಯೇ?

ಅವಳ ಪರಿಚಯವನ್ನೂ ಓದಿದ್ದಾಯಿತು. ಸಭೆಯೆಲ್ಲ ಚಪ್ಪಾಳೆ ತಟ್ಟಿತು, ಎವರಿಸ್ಟೊ ತಟ್ಟಲಿಲ್ಲ. ವರ್ಷಗಟ್ಟಲೆ ಕತ್ತರಿ ಹಿಡಿದು ಈಗ ನೆಟ್ಟಗಾಗದ ತನ್ನ ಬೆರಳುಗಳನ್ನು ಅವಳು ಮೇಜುಬಟ್ಟೆಯ ಕೆಳಗೆ ಅಡಗಿಸುವುದನ್ನೇ ನೋಡುತ್ತಿದ್ದವನು ಅವಳತ್ತ ಬಾಗಿದ.

“ರೆಕ್ಕೆ ಕತ್ತರಿಸೋ ಲೈನಲ್ಲಿದ್ರಾ, ಅಕ್ಕಾ?”

ಅವಳು ಕೈಗಳನ್ನು ಇನ್ನೂ ಒಳಕ್ಕೆ ಸರಿಸಿದಳು.

ಆತ ಮೇಜುಬಟ್ಟೆಯ ಅಂಚನ್ನು ತುಸು ಸರಿಸಿದ. ಅಲ್ಲಿ ಅವನ ಬೆರಳುಗಳೂ ಕೊಕ್ಕೆಯಂತೆ ಬಾಗಿದ್ದವು.

“ನಾನು ತೊಡೆ ಕತ್ತರಿಸೋ ಲೈನು. ಯಾರಿಗೂ ಹೇಳ್ಬೇಡಿ.”